‘ಬರೀ 2 ಗಂಟೆ ಡ್ರೈವ್’ ಅಂತ ಬರೆಯೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾರಾಂತ್ಯದ ಪುರವಣಿಲಿ ಸಿಟಿಯಿಂದ ಒಂದು ದಿನಕ್ಕೆ ಹೋಗಿ ಬರೋ ಜಾಗಗಳ ಪಟ್ಟಿ ಬರತ್ತಲ್ಲ, ನಮ್ಮನೇಲಿ ಅದನ್ನೇ ಮೊದಲು ಓದೋದು, ಉಳಿದ ಪೇಪರ್ ಆಮೇಲೆ. ಹಾಗಾಗಿ ಇದನ್ನ ದೂರು ಅಂತ ತಗೊಂಡ್ರೂ ಸರಿ, ಹಳೇ ಓದುಗನ ಸಲಿಗೆ ಅಂದ್ಕೊಂಡ್ರೂ ಸರಿ. ದೂರದ ಬೆಟ್ಟ ನುಣ್ಣಗೆ ಅನ್ನೋದು ಗಾದೆ, ನಿಮ್ಮ ಪುರವಣಿಲಿ ಹತ್ತಿರದ ಬೆಟ್ಟಾನೂ ನುಣ್ಣಗೇ ಇರತ್ತೆ. ಮಂಜು, ಹಸಿರು, ಯಾರೋ ಒಬ್ರು ಬೆನ್ನು ತೋರಿಸ್ಕೊಂಡು ನಿಂತಿರೋ ಫೋಟೋ, ಕೆಳಗಡೆ ‘ಬರೀ 2 ಗಂಟೆ ಡ್ರೈವ್’. ನನ್ನ ತಕರಾರು ಇರೋದು ಈ 2 ಗಂಟೆ ಮೇಲೆ.

ಹೋದ ತಿಂಗಳು ಅದನ್ನ ನಂಬ್ಕೊಂಡು ನಾವು 9 ಜನ ಎರಡು ಕಾರಲ್ಲಿ ಹೊರಟ್ವಿ. ಆರಕ್ಕೆ ಅಂತ ಇದ್ದಿದ್ದು ಏಳೂವರೆ ಆಯ್ತು, ಅದು ನಮ್ಮ ತಪ್ಪು, ಒಪ್ಕೋತೀನಿ. ಆದ್ರೆ ಸಿಟಿ ದಾಟೋಕೇ ಒಂದು ಗಂಟೆ ಹಿಡೀತು, ಯಾಕಂದ್ರೆ ಅದೇ ಪಟ್ಟಿ ಓದಿದವರೆಲ್ಲ ಅದೇ ರೋಡಲ್ಲಿದ್ರು, ಆಮೇಲೆ ಶುರುವಾಯ್ತು ತಿರುವು, ಹಿಂದಿನ ಸೀಟಲ್ಲಿ ಮಗು ವಾಂತಿ, ಅಂತೂ ಇಂತೂ ತಲುಪಿದಾಗ ಹನ್ನೊಂದೂವರೆ, ಪಾರ್ಕಿಂಗ್ ಸಿಕ್ಕಿದ್ದು ಒಂದೂವರೆ ಕಿಲೋಮೀಟರ್ ಹಿಂದೆ. ಜಾಗ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಅಲ್ಲಿಂದ ಎಷ್ಟೊತ್ತಿಗೆ ಹೊರಡಬೇಕು ಅಂತ ಮಾತ್ರ ನಮ್ಮಲ್ಲಿ ಒಬ್ರಿಗೂ ಹೊಳೆದಿರ್ಲಿಲ್ಲ, ನಿಮ್ಮ ಲೇಖನದಲ್ಲೂ ಇರ್ಲಿಲ್ಲ.

ಬೆಟ್ಟ ಹತ್ತೋದಕ್ಕೆ ಒಂದು ಹಳೇ ಲೆಕ್ಕ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಅನ್ನೋ ಪರ್ವತಾರೋಹಿ ಹೇಳಿದ್ದು: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದೂ ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದ್ರೆ. ನಮ್ಮ ಹಾಗೆ ಮೂರು ಹೆಜ್ಜೆಗೊಂದು ಸೆಲ್ಫಿ ತಗೊಳ್ಳೋರು ಅದನ್ನ ಎರಡರಿಂದ ಗುಣಿಸ್ಕೋಬೇಕು. ‘ಸಣ್ಣ ಟ್ರೆಕ್’ ಅಂತ ಬರೆಯೋ ಬದಲು ಏರು ಎಷ್ಟು ಮೀಟರ್ ಅಂತ ಒಂದು ಸಾಲು ಹಾಕಿದ್ರೆ ನಮ್ಮತ್ತೆ ಕೆಳಗೇ ಕೂತಿರ್ತಿದ್ರು, ಅರ್ಧ ದಾರೀಲಿ ಮಂಡಿ ಹಿಡ್ಕೊಂಡು ಕೂರ್ತಿರ್ಲಿಲ್ಲ.

ಫಾಲ್ಸ್ ವಿಷಯ ಇನ್ನೂ ಮುಖ್ಯ. ‘ಮಳೆ ನಿಂತ ಮೇಲೆ ಹೋಗಿ, ಈಜಿ ಆನಂದಿಸಿ’ ಅಂತ ಬರೀತೀರ. ಆದ್ರೆ ನಾವು ನಿಂತಿರೋ ಕಡೆ ಬಿಸಿಲಿದ್ರೆ ಸಾಲ್ದು, ಮೇಲೆ ಹತ್ತಾರು ಕಿಲೋಮೀಟರ್ ಆಚೆ ಮಳೆ ಸುರಿದ್ರೆ ಆ ನೀರು ಇಲ್ಲಿಗೇ ಬರೋದು, ಬರೋವಾಗ ಹಾರ್ನ್ ಹೊಡ್ಕೊಂಡು ಬರಲ್ಲ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂಗೆ ಕೆಂಪಾದ್ರೆ, ಎಲೆ ಕಡ್ಡಿ ತೇಲ್ಕೊಂಡು ಬಂದ್ರೆ, ಸದ್ದು ದಪ್ಪ ಆದ್ರೆ, ಚಪ್ಪಲಿ ಬ್ಯಾಗು ಎಲ್ಲ ಅಲ್ಲೇ ಬಿಟ್ಟು ಎತ್ತರಕ್ಕೆ ಓಡಬೇಕು, ಅಷ್ಟೇ. ಇನ್ನೊಂದು, ನೀರು ಬೀಳೋ ಜಾಗದ ಬುಡದಲ್ಲಿ ಬೆಳ್ಳಗೆ ನೊರೆ ಇರತ್ತಲ್ಲ, ಅದ್ರಲ್ಲಿ ಗಾಳಿ ಗುಳ್ಳೆ ತುಂಬಿರೋದ್ರಿಂದ ಆ ನೀರು ಮೈಯನ್ನ ಮಾಮೂಲಿ ನೀರಿನಷ್ಟು ತೇಲಿಸಲ್ಲ, ಕೆರೇಲಿ ಚೆನ್ನಾಗಿ ಈಜೋರೂ ಅಲ್ಲಿ ಮುಳುಗ್ತಾರೆ. ನಿಮ್ಮ ಪೇಪರಿನ ಪುರವಣಿಲಿ ಫಾಲ್ಸ್ ಫೋಟೋ, ಸೋಮವಾರದ ಒಳಪುಟದಲ್ಲಿ ಅದೇ ಫಾಲ್ಸಲ್ಲಿ ಮುಳುಗಿದವರ ಸುದ್ದಿ, ಇವೆರಡೂ ಬರೆಯೋರು ಒಂದೇ ಆಫೀಸಲ್ಲಿ ಕೂರ್ತಾರೆ ತಾನೆ, ಒಂದ್ಸಲ ಮಾತಾಡ್ಕೋಬಾರ್ದಾ?

ವಾಪಸ್ ಬರೋ ಕಥೆಗೆ ಬರ್ತೀನಿ. ಫೋನಲ್ಲಿ ಸೂರ್ಯಾಸ್ತ ಆರೂವರೆ ಅಂತ ತೋರಿಸ್ತಿದ್ರೂ ಪಶ್ಚಿಮಕ್ಕೆ ದೊಡ್ಡ ಗುಡ್ಡ ಇದ್ರೆ ಐದೂವರೆಗೇ ಬಿಸಿಲು ಮಾಯ, ಚಳಿ ಬೇರೆ, ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು 6 ಡಿಗ್ರಿ ಕಮ್ಮಿ ಆಗತ್ತೆ, ಒದ್ದೆ ಬಟ್ಟೇಲಿ ಮಕ್ಕಳು ಗಡಗಡ ನಡುಗ್ತಿದ್ವು. ಇಳಿಯೋವಾಗ ನಮ್ಮ ಮುಂದಿದ್ದ ಕಾರು ಬ್ರೇಕ್ ಒತ್ಕೊಂಡೇ ಇಳೀತಿತ್ತು, ಸುಟ್ಟ ವಾಸನೆ ನಮ್ಮ ತನಕ ಬರ್ತಿತ್ತು. ಹಾಗೆ ಕಾದ ಬ್ರೇಕು ಹಿಡಿತ ಕಳ್ಕೊಳತ್ತೆ, ಸೆಕೆಂಡ್ ಗೇರಿಗೆ ಹಾಕಿ ಎಂಜಿನ್ನೇ ಗಾಡಿ ತಡೆಯೋ ಹಂಗೆ ಇಳಿಸ್ಬೇಕು, ಇದು ಸಪಾಟು ರೋಡಲ್ಲೇ ಓಡಿಸೋ ಸಿಟಿಯವರಿಗೆ ಗೊತ್ತಿರಲ್ಲ. ಕೆಳಗಿಳಿದ ಮೇಲೆ ನೇರ ರೋಡು, ಹಿಂದೆ ಎಲ್ರೂ ನಿದ್ದೆ, ಓಡಿಸ್ತಿದ್ದ ನಮ್ಮ ಭಾವ ಒಬ್ರೇ ಎಚ್ಚರ ಅಂದ್ಕೊಂಡಿದ್ವಿ. ಅವ್ರೂ ಎಚ್ಚರ ಇರ್ಲಿಲ್ಲ. ಟಯರು ರೋಡಿನ ಅಂಚು ಬಿಟ್ಟು ಜಲ್ಲಿ ಮೇಲೆ ಹತ್ತಿದ ಸದ್ದಿಗೆ ನಂಗೆ ಎಚ್ಚರ ಆಗಿ ಕೂಗಿದೆ, ಬದುಕಿದ್ವಿ. ಕಿಟಕಿ ಇಳಿಸೋದು, ಹಾಡು ಜೋರಾಗಿ ಹಾಕೋದು ಎಲ್ಲ ಆಗ್ಲೇ ಮಾಡಿ ಆಗಿತ್ತಂತೆ. ಅದ್ಯಾವುದೂ ನಿದ್ದೆ ತಡೆಯಲ್ಲ, ಸರಿಯಾದ ಜಾಗದಲ್ಲಿ ಗಾಡಿ ಸೈಡಿಗೆ ಹಾಕಿ 15-20 ನಿಮಿಷ ಮಲಗಬೇಕು, ಇಲ್ಲ ಇನ್ನೊಬ್ರಿಗೆ ಸ್ಟೇರಿಂಗ್ ಕೊಡಬೇಕು. ಬೆಳಗ್ಗೆ ನಾಲ್ಕಕ್ಕೆ ಎದ್ದ ಡ್ರೈವರ್ ರಾತ್ರಿ ಎಂಟಕ್ಕೂ ಓಡಿಸ್ತಿರ್ತಾನೆ ಅಂದ್ರೆ ಅದು 2 ಗಂಟೆ ಡ್ರೈವ್ ಅಲ್ಲ ಸ್ವಾಮಿ, 16 ಗಂಟೆ ಎಚ್ಚರ.

ಕಾಡಿಗೆ ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ಜಪಾನಿನ ಅರಣ್ಯ ಇಲಾಖೆ 1982ರಲ್ಲೇ ಇದಕ್ಕೆ ‘ಕಾಡಿನ ಸ್ನಾನ’ ಅಂತ ಅರ್ಥ ಬರೋ ಹೆಸರಿಟ್ಟು ಜನರನ್ನ ಕಾಡಿಗೆ ಕರೀತು. ಆದ್ರೆ 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷ ಪ್ರಕೃತಿ ಮಧ್ಯೆ ಕಳೆಯೋರು ತಮ್ಮ ಆರೋಗ್ಯ ಚೆನ್ನಾಗಿದೆ ಅನ್ನೋದು ಜಾಸ್ತಿ ಅಂತ ಗೊತ್ತಾಯ್ತು, ಅದನ್ನ ಒಂದೇ ಸಲ ಕಳೀಲಿ, ನಾಕೈದು ಸಲ ಹಂಚ್ಕೊಳ್ಳಿ, ವ್ಯತ್ಯಾಸ ಇಲ್ಲ. ಅಂದ್ರೆ ಸಿಟಿ ಅಂಚಿನ ಕೆರೆ ಏರಿ, ದೊಡ್ಡ ಮರಗಳಿರೋ ಪಾರ್ಕು, ಇವೂ ಲೆಕ್ಕಕ್ಕೆ ಬರತ್ವೆ. ಅವು ನಿಮ್ಮ ಪಟ್ಟಿಲಿ ಒಂದ್ಸಲಾನೂ ಬಂದಿಲ್ಲ, ಅಲ್ಲಿಗೆ ಪೆಟ್ರೋಲ್ ಹಾಕ್ಕೊಂಡು ಹೋಗೋ ಹಂಗಿಲ್ವಲ್ಲ.

‘ಯಾರಿಗೂ ಗೊತ್ತಿಲ್ಲದ ಜಾಗ’ ಅಂತ ಪೇಪರಲ್ಲಿ ಹಾಕೋದನ್ನಂತೂ ದಯವಿಟ್ಟು ನಿಲ್ಸಿ, ಓದಿ ನಗು ಬರತ್ತೆ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಪ್ರತಿ ಜಾಗದ ಕೆಳಗೆ ಎಷ್ಟು ಕಿಲೋಮೀಟರ್ ಅಂತ ಹಾಕೋ ಕಡೆ ‘ಇಷ್ಟೊತ್ತಿಗೆ ಅಲ್ಲಿಂದ ಹೊರಡಿ’ ಅಂತ ಒಂದು ಟೈಮ್ ಹಾಕಿ, ಅದೂ ರಜಾ ದಿನದ ಟ್ರಾಫಿಕ್ ನೋಡಿ. ಏರು ಎಷ್ಟು, ನೆಟ್‌ವರ್ಕ್ ಎಲ್ಲಿ ಹೋಗತ್ತೆ, ಹೆಂಗಸರಿಗೆ ಟಾಯ್ಲೆಟ್ ಇದ್ಯಾ ಇಲ್ವಾ, ಅಷ್ಟು. ಜಾಗ ಸಾಲ್ದಿದ್ರೆ ಫೋಟೋ ಚಿಕ್ಕದು ಮಾಡಿ.

ಭಾವ ಇನ್ನೂ ಕಾರಿನ ಕೀ ಕೊಟ್ಟಿಲ್ಲ, ಮುಂದಿನ ಪಟ್ಟಿ ನೋಡಿ ಹೇಳ್ತೀನಿ ಅಂದಿದ್ದಾರೆ.

ಇಂತಿ,
ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ದ ನಿಮ್ಮ ಓದುಗ