ಇಯರ್‌ಬಡ್ ಬಿದ್ದುಹೋದರೆ ಕೂಡಲೇ ಹುಡುಕಿ

ಎಲ್ಲರಿಗೂ ನಮಸ್ಕಾರ. ವಾಕಿಂಗ್ ವೇಳೆ ಇಯರ್‌ಬಡ್ ಬಿತ್ತು ಅಂತ ಗುಂಪಿನಲ್ಲಿ ಆಗಾಗ ಮೆಸೇಜ್ ಬರುತ್ತಿದೆ. ನಾಳೆ ನೋಡೋಣ ಅಂತ ದಯವಿಟ್ಟು ಬಿಡಬೇಡಿ. ಕೇಸಿನಿಂದ ಹೊರಗಿರುವ ಬಡ್‌ನ ಚಾರ್ಜ್ ಕೆಲವೇ ಗಂಟೆ ಇರುತ್ತದೆ. ಅದು ಮುಗಿದರೆ ಸಿಗ್ನಲ್ಲೂ ಇಲ್ಲ, ಶಬ್ದವೂ ಇಲ್ಲ.

ಏರ್‌ಪಾಡ್ಸ್ ಇದ್ದವರು ಐಫೋನಿನ ‘ಫೈಂಡ್ ಮೈ’, ಆಂಡ್ರಾಯ್ಡ್‌ನವರು ‘ಫೈಂಡ್ ಹಬ್’ ತೆರೆದು ‘ಪ್ಲೇ ಸೌಂಡ್’ ಒತ್ತಿ. ಅದಕ್ಕೂ ಮೊದಲು ಕಿವಿಯಲ್ಲಿರುವ ಇನ್ನೊಂದು ಬಡ್ ತೆಗೆದಿಡಿ, ಸದ್ದು ತುಂಬಾ ಜೋರು. ಮ್ಯಾಪ್ ತೋರಿಸುವುದು ಸಾಮಾನ್ಯವಾಗಿ ಕೊನೆಯ ಸಲ ಸಂಪರ್ಕ ಇದ್ದ ಜಾಗವನ್ನು, ಅದನ್ನೇ ಪೂರ್ತಿ ನಂಬಬೇಡಿ.

ಈ ಆ್ಯಪ್‌ಗಳಲ್ಲಿ ಕಾಣದ ಬಡ್ ಆದರೆ ಬ್ಲೂಟೂತ್ ಸ್ಕ್ಯಾನರ್ ಆ್ಯಪ್ ಹಾಕಿಕೊಳ್ಳಿ. ಬಡ್‌ನ ಹೆಸರಿನ ಪಕ್ಕ ಒಂದು ಮೈನಸ್ ಸಂಖ್ಯೆ ಬರುತ್ತದೆ. ಮೈನಸ್ 90 ಅಂದರೆ ದೂರ. ಮೈನಸ್ 50ರ ಆಸುಪಾಸಿಗೆ ಬಂದರೆ ಅಲ್ಲೇ ಕೂತು ಹುಲ್ಲು, ತರಗೆಲೆ ಸರಿಸಿ ನೋಡಿ. ಸಂಖ್ಯೆ ಬದಲಾಗಲು ಸ್ವಲ್ಪ ಹೊತ್ತು ಬೇಕು, ಹಾಗಾಗಿ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾ ಹೋಗಿ.

ಯಾರಿಗಾದರೂ ಬಡ್ ಸಿಕ್ಕರೆ ಇಲ್ಲಿ ತಿಳಿಸಿ, ಸೆಕ್ಯೂರಿಟಿ ಹತ್ತಿರ ಕೊಡಿ. ಎಡದ್ದೋ ಬಲದ್ದೋ ಅಂತ ಮಾತ್ರ ಬರೆಯಬೇಡಿ, ಕೇಳಿಕೊಂಡು ಬಂದವರೇ ಹೇಳಲಿ.