ಯಾರ್ಕ್‌ಟೌನಿಂದ ಬಂದು ಸೀನಂಗೆ ಬರೆದಿದ್ದು

ಲೇ ಸೀನ,

ಫೋನಲ್ಲಿ ಹೇಳೋಣ ಅಂದ್ರೆ ನೀನು ಅರ್ಧದಲ್ಲೇ ಸ್ಕೋರ್ ಎಷ್ಟಾಯ್ತು ಅಂತ ಕೇಳ್ತೀಯ, ಅದಕ್ಕೇ ಬರೀತಿದೀನಿ. ಹೋದ ಶನಿವಾರ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ರಿಚ್ಮಂಡ್‌ನಿಂದ ಕಾರಲ್ಲಿ ಯಾರ್ಕ್‌ಟೌನ್‌ಗೆ ಹೋಗಿದ್ವಿ. ಯಾಕೆ ನಿಂಗೇ ಬರೀತಿದೀನಿ ಗೊತ್ತಾ, ನಿಮ್ಮೂರು ಶ್ರೀರಂಗಪಟ್ಟಣಕ್ಕೆ 1792ರಲ್ಲಿ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ತಗೊಂಡು ಹೋದ್ನಲ್ಲ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್, ಅವನು ಅದಕ್ಕೆ ಹತ್ತು ವರ್ಷ ಮುಂಚೆ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರ್ 19ಕ್ಕೆ ಸೈನ್ಯ ಸಮೇತ ಶರಣಾಗಿದ್ದು ಇದೇ ಊರಲ್ಲಿ ಕಣೋ. ಹುಷಾರಿಲ್ಲ ಅಂತ ತಾನು ಬರ್ದೆ ಕತ್ತಿ ಕೊಡೋಕೆ ಇನ್ನೊಬ್ಬನ್ನ ಕಳಿಸಿದ್ನಂತೆ, ನಮ್ಮ ಸ್ಕೂಲಲ್ಲಿ ಟೆಸ್ಟ್ ದಿನ ನಿಂಗೆ ಬರ್ತಿತ್ತಲ್ಲ ಹೊಟ್ಟೆನೋವು, ಅದೇ ಥರ.

ಆದ್ರೆ ನಾನು ಹೇಳಬೇಕು ಅಂತಿರೋದು ಅವನ ಕತೆ ಅಲ್ಲ. ಆಗ ವರ್ಜೀನಿಯಾ ಗವರ್ನರ್ ಆಗಿದ್ದ ಥಾಮಸ್ ನೆಲ್ಸನ್ ಅನ್ನೋನ ಕತೆ. ಯಾರ್ಕ್‌ಟೌನ್ ಇವನ ಸ್ವಂತ ಊರು. ಭಾರೀ ಸಾಹುಕಾರ ಮನೆತನ, ವ್ಯಾಪಾರ, ತಂಬಾಕು ತೋಟ, ಅದೆಲ್ಲ ನಡೀತಿದ್ದಿದ್ದು ಗುಲಾಮರ ದುಡಿಮೆಯಿಂದ, ಅದನ್ನ ಬಿಟ್ಟು ಈ ಮನುಷ್ಯನ್ನ ಹೊಗಳೋಕೆ ನಂಗೆ ಮನಸ್ಸಿಲ್ಲ. ಇಂಗ್ಲೆಂಡಲ್ಲಿ ಓದಿ ಬಂದೋನು, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ, ಉಬ್ಬಸ ಬೇರೆ. ಆರೋಗ್ಯ ಕೈಕೊಟ್ಟು 1777ರಲ್ಲೇ ಕಾಂಗ್ರೆಸ್ (ಅಮೆರಿಕದವರ ಪ್ರತಿನಿಧಿ ಸಭೆ) ಬಿಟ್ಟು ವಾಪಸ್ ಬಂದಿದ್ದ.

ಇವನಿಗಿಂತ ಮುಂಚೆ ಗವರ್ನರ್ ಆಗಿದ್ದೋನು ಥಾಮಸ್ ಜೆಫರ್ಸನ್, ಆಮೇಲೆ ಅಮೆರಿಕದ ಅಧ್ಯಕ್ಷ ಆದೋನು. 1781ರ ಜೂನ್‌ನಲ್ಲಿ ಬ್ರಿಟಿಷ್ ಕುದುರೆ ಪಡೆ ಅವನ ಬೆಟ್ಟದ ಮೇಲಿನ ಮನೆ ತನಕ ಬಂತು, ಅವನು ಕುದುರೆ ಹತ್ತಿ ತಪ್ಪಿಸಿಕೊಂಡ, ಶಾಸಕರು ಎದ್ನೋ ಬಿದ್ನೋ ಅಂತ ಸ್ಟಾಂಟನ್‌ಗೆ ಓಡಿದ್ರು, ಅಲ್ಲಿ ಕೂತು ಜೂನ್ 12ಕ್ಕೆ ಮಿಲಿಷಿಯಾ (ಊರ ಜನರೇ ಸೇರಿ ಕಟ್ಟೋ ಪಡೆ) ಜನರಲ್ ಆಗಿದ್ದ ನೆಲ್ಸನ್‌ನ ಗವರ್ನರ್ ಮಾಡಿದ್ರು. ಅಂದ್ರೆ ಉರಿಯೋ ಮನೆ ಕೀಲಿಕೈ ಕೊಟ್ಟ ಹಾಗೆ.

ವರ್ಜೀನಿಯಾದ ಸಂವಿಧಾನ ಎಂಥದ್ದು ಅಂದ್ರೆ ರಾಜರ ದರ್ಬಾರು ಸಾಕಾಗಿ ಹೋಗಿತ್ತಲ್ಲ, ಅದಕ್ಕೆ ಗವರ್ನರ್ ಕೈಕಾಲು ಕಟ್ಟೇ ಇಟ್ಟಿದ್ರು, ಎಂಟು ಜನರ ಕೌನ್ಸಿಲ್ ಒಪ್ಪಿಗೆ ಇಲ್ದೆ ಏನೂ ಮಾಡೋ ಹಾಗಿಲ್ಲ. ಯುದ್ಧದಲ್ಲಿ ಕೌನ್ಸಿಲಿನವರನ್ನ ಎಲ್ಲಿ ಅಂತ ಹುಡುಕ್ತೀಯ? ಸೆಪ್ಟೆಂಬರಲ್ಲಿ ವಾಷಿಂಗ್ಟನ್ ಸೈನ್ಯ, ಅವರ ಜೊತೆಗಿದ್ದ ಫ್ರೆಂಚರ ಸೈನ್ಯ ಎರಡೂ ಬಂದು ಇಳಿದ್ವು, ಅಷ್ಟು ಬಾಯಿಗೆ ಹಿಟ್ಟು, ಮಾಂಸ, ಗಾಡಿ, ಕುದುರೆ ಎಲ್ಲಾ ಬೇಕು, ನೋಟಿಗೆ ಬೆಲೆ ಇಲ್ಲ, ರೈತರು ಕೊಡಲ್ಲ. ನೆಲ್ಸನ್ ಒಪ್ಪಿಗೆಗೆ ಕಾಯಲಿಲ್ಲ, ಗಾಡಿ ಕಾಳು ಎಲ್ಲಾ ಜಪ್ತಿ ಮಾಡಿಸಿದ, ಜೊತೆಗೆ ತಾನೇ ಸುಮಾರು 3,000 ಮಿಲಿಷಿಯಾದವರನ್ನ ಕಟ್ಟಿಕೊಂಡು ಮುತ್ತಿಗೆಗೂ ಬಂದ.

ಇದು ದೊಡ್ಡ ವಿಷಯ ಅಲ್ಲ ಅನ್ಸುತ್ತಾ? ನಿಮ್ಮ ಅರಕೆರೆ ನೆನಪು ಮಾಡ್ಕೋ. 1791ರ ಮೇನಲ್ಲಿ ಇದೇ ಕಾರ್ನ್‌ವಾಲಿಸ್ ಅಲ್ಲಿ ಗೆದ್ದ, ಪಟ್ಟಣ ಕಣ್ಣಳತೆಯಲ್ಲಿತ್ತು, ಆದ್ರೆ ಎತ್ತು ಸತ್ತು ಕಾಳು ಮುಗಿದು ದೊಡ್ಡ ತೋಪುಗಳನ್ನ ತಾನೇ ಹಾಳುಗೆಡವಿ ಬೆಂಗಳೂರಿಗೆ ವಾಪಸ್ ಹೋಗಬೇಕಾಯ್ತು. ಗಾಡಿ ಎತ್ತು ಇಲ್ದಿದ್ರೆ ಗೆದ್ದೋನ ಗತೀನೂ ಇಷ್ಟೇ ಕಣೋ.

ಇಲ್ಲಿನವರು ಹೇಳೋ ಫೇಮಸ್ ಕತೆ ಅಂದ್ರೆ, ನೆಲ್ಸನ್ ಮನೇಲಿ ಬ್ರಿಟಿಷ್ ಅಧಿಕಾರಿಗಳು ಸೇರಿಕೊಂಡಿದ್ರು, ಅವನೇ ತೋಪಿನವರಿಗೆ ನನ್ನ ಮನೆಗೇ ಹೊಡೀರಿ, ಮೊದಲು ತಗುಲಿಸಿದವರಿಗೆ ಬಹುಮಾನ ಅಂದ ಅಂತ. ನೆಲ್ಸನ್ ಚಿಕ್ಕಪ್ಪನ ಮನೆ ಕತೆ ಇದರ ಜೊತೆ ಕಲಸಿಹೋಗಿದೆ ಅಂತ ನಂಗೆ ಡೌಟು, ಕಾರ್ನ್‌ವಾಲಿಸ್ ಮೊದಲು ಉಳಿದಿದ್ದು ಆ ಮನೇಲಿ, ಅದು ಗುಂಡಿಗೆ ಪೂರ್ತಿ ಹಾಳಾಯ್ತು. ಇವನ ಇಟ್ಟಿಗೆ ಮನೆ ಮಾತ್ರ ಇನ್ನೂ ಇದೆ, ಗೋಡೇಲಿ ಕಾಣೋ ಗುಂಡುಗಳು ಆಮೇಲೆ ಕೂರಿಸಿದ್ದಂತೆ, ನನ್ನ ಮಗಳು ಮಾತ್ರ ಆ ಗುಂಡು ಬಿಟ್ಟು ಕದಲಲಿಲ್ಲ.

ನಂಗೆ ಹಿಡಿಸಿದ್ದು ಸಾಲದ ಕತೆ. 1780ರಲ್ಲಿ ರಾಜ್ಯಕ್ಕೆ ದುಡ್ಡು ಎತ್ತೋಕೆ ಇವನು ಹೋದಾಗ ಸಾಹುಕಾರರು ಸರ್ಕಾರನ ನಂಬಿ ಒಂದು ಕಾಸೂ ಬಿಚ್ಚಲ್ಲ, ನೀನು ಜಾಮೀನು ನಿಂತರೆ ಕೊಡ್ತೀವಿ ಅಂದ್ರಂತೆ. ನಿಂತ. ಆಮೇಲೆ ತೀರಿಸಿದ್ದೂ ಇವನೇ, ಆಸ್ತಿ ಕರಗಿಹೋಯ್ತು. ನಮ್ಮ ಕಡೆ ಸೊಸೈಟಿ ಸಾಲಕ್ಕೆ ಸೈನ್ ಹಾಕೋಕೇ ಅಣ್ಣತಮ್ಮಂದಿರು ಹಿಂದೆ ಮುಂದೆ ನೋಡ್ತಾರೆ, ಇವನು ಒಂದು ರಾಜ್ಯಕ್ಕೆ ಸೈನ್ ಹಾಕಿದಾನೆ.

ಗೆದ್ದ ಮುಂದಿನ ತಿಂಗಳೇ ಹುಷಾರು ತಪ್ಪಿ ರಾಜೀನಾಮೆ ಕೊಟ್ಟ, ಗವರ್ನರ್ ಆಗಿದ್ದು ಹೆಚ್ಚುಕಮ್ಮಿ ಐದೇ ತಿಂಗಳು. ಮನೆಗೆ ಹೋಗಿ ಮಲಗೋಣ ಅಂದ್ರೆ ಡಿಸೆಂಬರಲ್ಲಿ ಪ್ರಿನ್ಸ್ ವಿಲಿಯಂ ಕೌಂಟಿ ಜನರ ಪರವಾಗಿ ಜಾರ್ಜ್ ಮೇಸನ್ ದೂರು ಕೊಟ್ಟ, ಕಾನೂನು ಮೀರಿ ಜನರ ಮಾಲು ಕಿತ್ಕೊಂಡ ಅಂತ. ಮೇಸನ್ ಸಣ್ಣ ಆಸಾಮಿ ಅಲ್ಲ, ವರ್ಜೀನಿಯಾದ ಹಕ್ಕುಗಳ ಘೋಷಣೆ ಬರೆದೋನೇ ಅವನು. ಮೊದಮೊದಲು ನಂಗೆ ಸಿಟ್ಟು ಬಂತು, ಆಮೇಲೆ ಯೋಚನೆ ಮಾಡಿದ್ರೆ ಎತ್ತು ಗಾಡಿ ಕಳ್ಕೊಂಡ ರೈತನಿಗೆ ಸ್ವಾತಂತ್ರ್ಯ ಬಂತು ತಗೋ ಅಂದ್ರೆ ಅವನು ಆ ಚಳಿಗಾಲ ಏನು ತಿಂತಾನೆ, ಮೇಸನ್ ಕೇಳಿದ್ದೂ ನ್ಯಾಯವೇ ಅಲ್ವಾ. ಕೊನೆಗೆ ಶಾಸಕರು ಅವನು ಮಾಡಿದ್ದನ್ನೆಲ್ಲ ಸಕ್ರಮ ಅಂತ ಒಂದು ಕಾಯ್ದೆ ಮಾಡಿ ಕೈಮುಗಿದ್ರು. ಅಕ್ರಮ ಸಕ್ರಮ ಅಲ್ಲೂ ಇತ್ತು ನೋಡು!

1789ರ ಜನವರಿ 4ಕ್ಕೆ ಸತ್ತ, ಐವತ್ತೇ ವರ್ಷ. ಯಾರ್ಕ್‌ಟೌನ್ ಚರ್ಚ್ ಹಿತ್ತಲಲ್ಲಿ ಮಣ್ಣು ಮಾಡಿದ್ರು, ಬಹಳ ಕಾಲ ಗುರುತಿನ ಕಲ್ಲೂ ಇರಲಿಲ್ವಂತೆ.

ಸೋಮವಾರ ಆಫೀಸಿಂದ ಬರ್ತಾ ರಿಚ್ಮಂಡ್ ಕ್ಯಾಪಿಟಲ್ (ಇಲ್ಲಿನ ವಿಧಾನಸೌಧ) ಹತ್ರ ಇರೋ ಪ್ರತಿಮೆ ಮುಂದೆ ನಿಂತಿದ್ದೆ. ಕುದುರೆ ಮೇಲೆ ವಾಷಿಂಗ್ಟನ್, ಕೆಳಗೆ ಸುತ್ತ ಆರು ಜನ ವರ್ಜೀನಿಯಾದವರು. ಆ ಆರರಲ್ಲಿ ನೆಲ್ಸನ್ ಇದಾನೆ, ದೂರು ಕೊಟ್ಟ ಮೇಸನ್ನೂ ಇದಾನೆ, ಒಂದೇ ಕಟ್ಟೆ ಮೇಲೆ. ಫೋಟೋ ವಾಟ್ಸಾಪಲ್ಲಿ ಕಳಿಸಿದೀನಿ, ಇಬ್ಬರಲ್ಲಿ ಯಾರು ಯಾರು ಅಂತ ಹೇಳು ನೋಡೋಣ. ಅಮ್ಮಂಗೆ ಕೇಳ್ದೆ ಅಂತ ಹೇಳು.

ಇಂತಿ ನಿನ್ನ,
ರವಿ