ಡೆರಿವೇಟಿವ್ ಸೊನ್ನೆಯಾದರೆ ಸಾಲದು, ಚಿಹ್ನೆ ಬದಲಾಗಬೇಕು

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂದಂತೆ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ದ್ವಿತೀಯ ಪಿಯು ಗಣಿತದ ಮಾದರಿ ಉತ್ತರಗಳು ಬರತೊಡಗುತ್ತವೆ. ಗರಿಷ್ಠ–ಕನಿಷ್ಠದ ಲೆಕ್ಕಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು: ಡೆರಿವೇಟಿವ್ (ಫಂಕ್ಷನ್ನಿನ ಬೆಲೆ ಏರುವ–ಇಳಿಯುವ ದರ) ತೆಗೆ, ಸೊನ್ನೆಗೆ ಸಮ ಮಾಡು, ಸಿಕ್ಕ ಬೆಲೆಯನ್ನು ಎರಡನೇ ಡೆರಿವೇಟಿವ್‌ನಲ್ಲಿ (ಡೆರಿವೇಟಿವ್‌ನ ಡೆರಿವೇಟಿವ್) ಹಾಕು, ಮೈನಸ್ ಬಂದರೆ ಗರಿಷ್ಠ, ಪ್ಲಸ್ ಬಂದರೆ ಕನಿಷ್ಠ. ಸಲೀಸಾದ ಲೆಕ್ಕಕ್ಕೆ ಇಷ್ಟು ಸಾಕು. ಮಕ್ಕಳು ಅಂಕ ಕಳೆದುಕೊಳ್ಳುವುದು ಈ ಉಪಾಯ ಕೈಕೊಡುವ ಕಡೆ.

ಎಕ್ಸ್‌ನ ನಾಲ್ಕನೇ ಘಾತವನ್ನೂ ಎಕ್ಸ್ ಘನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಕ್ಸ್ = 0 ಇರುವಲ್ಲಿ ಎರಡಕ್ಕೂ ಮೊದಲ ಡೆರಿವೇಟಿವ್ ಸೊನ್ನೆ, ಎರಡನೆಯದೂ ಸೊನ್ನೆ. ಆದರೆ ಮೊದಲನೆಯದಕ್ಕೆ ಅಲ್ಲಿ ಕನಿಷ್ಠವಿದೆ. ಎರಡನೆಯದಕ್ಕೆ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. ಎರಡನೇ ಡೆರಿವೇಟಿವ್ ಸೊನ್ನೆ ಬಂತೆಂದರೆ ಆ ಪರೀಕ್ಷೆ ಏನನ್ನೂ ಹೇಳಲಿಲ್ಲ, ಅಷ್ಟೇ. ಅಲ್ಲಿಗೇ ‘ಇನ್‌ಫ್ಲೆಕ್ಷನ್ ಬಿಂದು’ (ಗ್ರಾಫಿನ ಬಾಗು ದಿಕ್ಕು ಬದಲಿಸುವ ಬಿಂದು) ಎಂದು ಬರೆದು ಗೆರೆ ಎಳೆಯುವುದು ತಪ್ಪು.

ಭರವಸೆಯ ದಾರಿ ಬಿಂದುವಿನ ಎರಡೂ ಕಡೆ ಡೆರಿವೇಟಿವ್‌ನ ಚಿಹ್ನೆ ನೋಡುವುದು. ಎಕ್ಸ್³ − 6ಎಕ್ಸ್² + 9ಎಕ್ಸ್ + 2 ಎಂಬ ಫಂಕ್ಷನ್ನಿನ ಡೆರಿವೇಟಿವ್ 3(ಎಕ್ಸ್ − 1)(ಎಕ್ಸ್ − 3). ಸಂಖ್ಯಾರೇಖೆ ಎಳೆದು 1 ಮತ್ತು 3ನ್ನು ಗುರುತಿಸಿ. ಪ್ರತಿ ತುಂಡಿನಿಂದ ಒಂದೊಂದು ಬೆಲೆಯನ್ನು ಡೆರಿವೇಟಿವ್‌ಗೆ ಹಾಕಿದರೆ 0ಯಲ್ಲಿ 9, 2ರಲ್ಲಿ −3, 4ರಲ್ಲಿ ಮತ್ತೆ 9. ಪ್ಲಸ್‌ನಿಂದ ಮೈನಸ್‌ಗೆ ತಿರುಗಿದ 1ರಲ್ಲಿ ಸ್ಥಾನೀಯ ಗರಿಷ್ಠ, ಅದರ ಬೆಲೆ 6. ಮೈನಸ್‌ನಿಂದ ಪ್ಲಸ್‌ಗೆ ತಿರುಗಿದ 3ರಲ್ಲಿ ಸ್ಥಾನೀಯ ಕನಿಷ್ಠ, ಬೆಲೆ 2. ಈ ಬೆಲೆ ತೆಗೆಯುವಾಗ ಮೂಲ ಫಂಕ್ಷನ್ ಬಿಟ್ಟು ಡೆರಿವೇಟಿವ್‌ಗೇ ಎಕ್ಸ್ ಹಾಕಿ ‘ಗರಿಷ್ಠ ಬೆಲೆ ಸೊನ್ನೆ’ ಎಂದು ಬರೆಯುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

‘ಸ್ಥಾನೀಯ’ ಎಂದರೇನೆಂದು ಕಾರವಾರದ ಮಕ್ಕಳಿಗೆ ಕಡಲೇ ತೋರಿಸುತ್ತದೆ. ಇಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಭರತಿ, ಎರಡು ಇಳಿತ. ಎರಡು ಭರತಿಗಳ ಎತ್ತರ ಮಾತ್ರ ಒಂದೇ ಅಲ್ಲ. ಚಿಕ್ಕ ಭರತಿಯೂ ತನ್ನ ಹಿಂದುಮುಂದಿನ ಹೊತ್ತಿಗೆ ಹೋಲಿಸಿದರೆ ಗರಿಷ್ಠವೇ, ಇಡೀ ದಿನಕ್ಕೆ ಅಲ್ಲ.

ಇದನ್ನು ಮರೆತವರು ಮೇಲಿನ ಲೆಕ್ಕವನ್ನೇ ‘0ಯಿಂದ 5ರವರೆಗೆ’ ಎಂದು ಕೊಟ್ಟರೂ 6 ಎಂದೇ ಬರೆಯುತ್ತಾರೆ. ತುದಿಗಳನ್ನೂ ಹಾಕಿ ನೋಡಬೇಕು: 0ಯಲ್ಲಿ 2, 5ರಲ್ಲಿ 22. ಆ ಅಂತರದ (ಇಂಟರ್ವಲ್) ಪರಮ ಗರಿಷ್ಠ, ಅಂದರೆ ಎಲ್ಲಕ್ಕಿಂತ ದೊಡ್ಡ ಬೆಲೆ, 22; ಅಲ್ಲಿ ಡೆರಿವೇಟಿವ್ ಸೊನ್ನೆಯೇ ಅಲ್ಲ. ಪರಮ ಕನಿಷ್ಠ 2 ಎರಡು ಕಡೆ ಸಿಗುತ್ತದೆ, 0ಯಲ್ಲೂ 3ರಲ್ಲೂ.

ಫಂಕ್ಷನ್ ಇದ್ದೂ ಡೆರಿವೇಟಿವ್ ಇಲ್ಲದ ಬಿಂದುವೂ ಕ್ರಿಟಿಕಲ್ ಬಿಂದುವೇ, ಅಂದರೆ ಗರಿಷ್ಠ–ಕನಿಷ್ಠಕ್ಕಾಗಿ ಪರೀಕ್ಷಿಸಬೇಕಾದ ಬಿಂದುವೇ. ಎಕ್ಸ್‌ನ ಮಾಡ್ಯುಲಸ್‌ಗೆ (ಚಿಹ್ನೆ ಬಿಟ್ಟ ಬೆಲೆ) ಸೊನ್ನೆಯಲ್ಲಿ ಚೂಪು ಮೂಲೆ; ಅಲ್ಲಿ ಡೆರಿವೇಟಿವ್ ಸಿಗುವುದಿಲ್ಲ, ಕನಿಷ್ಠ ಇರುವುದು ಮಾತ್ರ ಅಲ್ಲಿಯೇ.

ತರಗತಿಯಲ್ಲಿ ಕೊಡಲೇಬೇಕಾದ ಇನ್ನೊಂದು ಲೆಕ್ಕ ಎಕ್ಸ್ + 1/ಎಕ್ಸ್. ಡೆರಿವೇಟಿವ್ 1 − 1/ಎಕ್ಸ್², ಸೊನ್ನೆಯಾಗುವುದು 1 ಮತ್ತು −1ರಲ್ಲಿ. −1ರಲ್ಲಿ ಸ್ಥಾನೀಯ ಗರಿಷ್ಠ, ಬೆಲೆ −2. 1ರಲ್ಲಿ ಸ್ಥಾನೀಯ ಕನಿಷ್ಠ, ಬೆಲೆ 2. ಗರಿಷ್ಠ ಕನಿಷ್ಠಕ್ಕಿಂತ ಕೆಳಗೆ! ಹೆಚ್ಚಿನ ಮಕ್ಕಳು ಉತ್ತರ ತಪ್ಪಾಯಿತೆಂದು ಅದನ್ನು ಹೊಡೆದುಹಾಕುತ್ತಾರೆ. ಸರಿಯಾಗಿಯೇ ಇದೆ. ಎಕ್ಸ್ = 0 ಇರುವಲ್ಲಿ ಫಂಕ್ಷನ್ನೇ ಇಲ್ಲ, ಗ್ರಾಫ್ ಎರಡು ತುಂಡು. ಅದಕ್ಕೇ ಸಂಖ್ಯಾರೇಖೆಯ ಮೇಲೆ 0ಯನ್ನೂ ಗುರುತಿಸಬೇಕು.

ಕೊನೆಗೆ ಬೀಜಗಣಿತದ ಒಂದು ಚಾಳಿ. 3ಎಕ್ಸ್² = 12ಎಕ್ಸ್ ಎಂದು ಬಂದೊಡನೆ ಎರಡೂ ಕಡೆ ಎಕ್ಸ್ ಹೊಡೆದು 4 ಒಂದನ್ನೇ ಹಿಡಿದುಕೊಂಡರೆ ಇನ್ನೊಂದು ಉತ್ತರ 0 ಕೈತಪ್ಪುತ್ತದೆ. ಎಲ್ಲವನ್ನೂ ಒಂದೇ ಬದಿಗೆ ತಂದು ಅಪವರ್ತಿಸಬೇಕು.

ಮಾದರಿ ಉತ್ತರ ಅಚ್ಚಿಸುವಾಗ ಈ ಚಿಹ್ನೆಗಳ ರೇಖೆಗೆ ಎರಡು ಸಾಲಿನ ಜಾಗ ಕೊಡಿ. ಅಂತರ ಕೊಟ್ಟ ಲೆಕ್ಕವಾದರೆ ತುದಿಯ ಬೆಲೆಗಳನ್ನೂ ಸೇರಿಸಿ.

– ಗಣಿತ ಉಪನ್ಯಾಸಕ, ಕಾರವಾರ